ಹಿಮದೂರಿಗೆ ಹೊರಟ ನಾಲ್ವರು ಗೆಳತಿಯರು

“ಅಮ್ಮಾ, ಜನವರೀಲಿ ನಾವು ನಾಲ್ಕು ಜನ ಜಪಾನಿಗೆ ಹೋಗ್ತಿದ್ದೀವಿ, ಸ್ನೋಬೋರ್ಡ್ ಆಡೋಕೆ!” ಎಂದು ಮಗಳು ಬೆಂಗಳೂರಿನಿಂದ ಫೋನ್ ಮಾಡಿದಾಗ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಮಾತು ಮುಗಿಯುವಷ್ಟರಲ್ಲಿ ಹಾಲು ಉಕ್ಕಿ ಚೆಲ್ಲಿತು. ಕಡೂರಿನಂಥ ಬಿಸಿಲೂರಿನಲ್ಲಿ ಸಂಸಾರ ಮಾಡಿದ ನನಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವುದು ಮಾತ್ರ. ಅದರ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರುವುದೆಂದರೇನು! ಅದೂ ಹೊರದೇಶದಲ್ಲಿ, ಬರೀ ಹೆಣ್ಣುಮಕ್ಕಳೇ!

“ಬೇಡ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಪ್ಪತ್ನಾಲ್ಕು ವರ್ಷದ, ಸ್ವಂತ ದುಡಿಮೆಯ ಮಗಳಿಗೆ ಬೇಡ ಅಂದರೆ ಆಗೋದೇನು? ಹೋಗೋದನ್ನ ನಿಲ್ಲಿಸೋದಿಲ್ಲ, ನಮಗೆ ಹೇಳೋದನ್ನ ನಿಲ್ಲಿಸ್ತಾಳೆ. ಅದಕ್ಕೇ, “ದೀಪಾವಳಿಗೆ ನಾಲ್ಕೂ ಜನ ಇಲ್ಲಿಗೇ ಬನ್ನಿ, ಕೂತು ಮಾತಾಡೋಣ” ಎಂದೆ. ಬಂದರು. ನನ್ನ ಮಗಳು, ಅವಳ ಜೊತೆ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿ, ಮನಾಲಿ ಕಡೆಯವಳೊಬ್ಬಳು, ಕೆನಡಾದಲ್ಲಿ ಎರಡು ವರ್ಷ ಓದಿ ಬಂದ ಬೆಂಗಳೂರಿನವಳೊಬ್ಬಳು. ಆ ಎರಡು ದಿನ ನಾನು ಕೇಳಿ ತಿಳಿದದ್ದನ್ನೇ ಇಲ್ಲಿ ಬರೆದಿದ್ದೇನೆ. ನಾಳೆ ನಿಮ್ಮ ಮಕ್ಕಳೂ ಇಂಥದೇ ಫೋನ್ ಮಾಡಬಹುದು.

ಏನಿದು ಹಲಗೆಯಾಟ?

ಸ್ಕೀ ಆಟದಲ್ಲಿ ಎರಡು ಕಾಲಿಗೆ ಎರಡು ಪಟ್ಟಿ, ಕೈಯಲ್ಲಿ ಎರಡು ಕೋಲು. ಸ್ನೋಬೋರ್ಡಿಗೆ ಒಂದೇ ಹಲಗೆ. ಎರಡೂ ಪಾದವನ್ನು ಅದಕ್ಕೇ ಬಿಗಿದುಕೊಂಡು, ಅಡ್ಡಡ್ಡ ನಿಂತು ಜಾರಬೇಕು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಶರ್ಮನ್ ಪಾಪೆನ್ ಎಂಬಾತ ತನ್ನ ಪುಟ್ಟ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀ ಜೋಡಿಸಿ ಒಂದು ಹಲಗೆ ಮಾಡಿಕೊಟ್ಟನಂತೆ. ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟವಳು ಅವನ ಹೆಂಡತಿ. ಅಂಗಳದ ಆ ಆಟವೇ ಬೆಳೆದು 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್ ಸೇರಿತು. ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ಆಟ ಎಂದು ಕೇಳಿ ನನಗೂ ಸ್ವಲ್ಪ ಸಮಾಧಾನವಾಯಿತು.

ನನ್ನ ಮಗಳು ಮತ್ತು ಹುಬ್ಬಳ್ಳಿಯವಳು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಎರಡು ಚಳಿಗಾಲ ಕಲಿತಿದ್ದಾರೆ. ನಮ್ಮ ಕಡೆಯವರಿಗೆ ಹಿಮದಾಟ ಒಗ್ಗುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀ ಓಟದಲ್ಲಿ ಅದೇ ಗುಲ್ಮಾರ್ಗ್‌ನಲ್ಲಿ ಪದಕ ಗೆದ್ದು ಬಂದವರು.

ಜರಡಿ ಹಿಡಿದ ಅಕ್ಕಿಹಿಟ್ಟು

“ಹಾಗಾದ್ರೆ ಗುಲ್ಮಾರ್ಗೇ ಸಾಕಲ್ಲ, ಜಪಾನ್ ಯಾಕೆ?” ಎಂದು ನಮ್ಮ ಯಜಮಾನರು ಕೇಳಿದರು. ಪೌಡರ್ ಸ್ನೋಗಾಗಿ ಎಂದು ನಾಲ್ವರೂ ಒಟ್ಟಿಗೆ ಕೂಗಿದರು. ಗುಲ್ಮಾರ್ಗ್‌ನಲ್ಲೂ ಅದು ಬೀಳುತ್ತದೆ, ಆದರೆ ಹೋದ ವಾರವೇ ಬೀಳಬೇಕಲ್ಲ! ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದಲ್ಲಿ ನಿಸೆಕೊ ಎಂಬ ಊರಿದೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಶೀತಗಾಳಿ ಹೊರಡುತ್ತದೆ. ದಾರಿಯಲ್ಲಿ ಜಪಾನ್ ಸಮುದ್ರದ ತೇವವನ್ನು ಹೀರಿಕೊಂಡು ಬಂದು ಬೆಟ್ಟಕ್ಕೆ ಬಡಿದು ಹಿಮ ಸುರಿಸುತ್ತದೆ. ಅರಬ್ಬೀ ಸಮುದ್ರದ ಗಾಳಿ ಬಂದು ನಮ್ಮ ಆಗುಂಬೆಗೆ ಮಳೆ ಸುರಿಸುವ ಹಾಗೇ. ಒಂದು ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮ 10 ಮೀಟರಿಗೂ ಹೆಚ್ಚು. ಎದುರಿಗೇ 1,898 ಮೀಟರ್ ಎತ್ತರದ ಯೋಟೆ ಎಂಬ ಜ್ವಾಲಾಮುಖಿ ಪರ್ವತ.

ಸಾಧಾರಣ ಹಿಮ ತೊಯ್ದ ಹಿಟ್ಟಿನ ಹಾಗೆ ಅಂಟಿದರೆ, ಇದು ಜರಡಿ ಹಿಡಿದ ಅಕ್ಕಿಹಿಟ್ಟು. ಊದಿದರೆ ಹಾರುತ್ತೆ. ಅದರಲ್ಲಿ ಹಲಗೆ ಜಾರುವುದಿಲ್ಲ, ತೇಲುತ್ತದೆಯಂತೆ. ಆದರೆ ವೇಗ ಕಡಿಮೆಯಾದರೆ ಹೂತುಹೋಗುತ್ತೆ. ಸಮತಟ್ಟಿನಲ್ಲಿ ಸಿಕ್ಕಿಕೊಂಡರೆ ಊರಲು ಕೋಲೂ ಇಲ್ಲ. ಸೊಂಟದವರೆಗಿನ ಹಿಮದಲ್ಲಿ ಹಲಗೆ ಬಿಚ್ಚಿ ಏಳಬೇಕಾದರೆ ಹೊಟ್ಟೆಯೊಳಗಿನದೆಲ್ಲ ಕರಗುತ್ತದೆ ಎಂದಳು ಕೆನಡಾದವಳು.

ದುಡ್ಡು, ದಿನ, ವಿಮೆ

ಜನವರಿ–ಫೆಬ್ರವರಿಯಲ್ಲಿ ಹಿಮ ಚೆನ್ನ. ಆದರೆ ಹೊಸ ವರ್ಷದ ವಾರ ಮತ್ತು ಚೀನೀಯರ ಹೊಸ ವರ್ಷದ ರಜೆಯಲ್ಲಿ ಬಾಡಿಗೆ ಗಗನಕ್ಕೇರುತ್ತೆ. ಅದಕ್ಕೇ ಇವರು ಸಂಕ್ರಾಂತಿ ಮುಗಿಸಿ ಹೊರಟು, ಆ ರಜೆ ಶುರುವಾಗುವ ಮೊದಲೇ ವಾಪಸು. ಬೆಂಗಳೂರಿನಿಂದ ಟೋಕಿಯೊ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಸಪ್ಪೊರೊ ಹತ್ತಿರದ ನ್ಯೂ ಚಿಟೋಸೆ, ಆಮೇಲೆ ಎರಡೂವರೆ ಮೂರು ಗಂಟೆ ಬಸ್ಸು. ಟೋಕಿಯೊದಲ್ಲಿ ದೊಡ್ಡ ವಿಮಾನ ನಿಲ್ದಾಣ ಎರಡಿವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಹಾಗೆ ಟಿಕೇಟು ಮಾಡಿಸಿದರೆ ಮೂಟೆ ಹೊತ್ತು ಊರು ಸುತ್ತಬೇಕು. ಹಿಮ ಹೆಚ್ಚಾಗಿ ವಿಮಾನ ನಿಂತೀತು ಎಂದು ಕೊನೆಗೆ ಒಂದು ದಿನ ಖಾಲಿ ಬಿಟ್ಟಿದ್ದಾರೆ.

ನಾನು ಕೇಳಿದ ಮೊದಲ ಪ್ರಶ್ನೆ, “ಒಬ್ಬಳು ಕೊನೇ ಗಳಿಗೆಯಲ್ಲಿ ಬರಲ್ಲ ಅಂದ್ರೆ ರೂಮಿನ ದುಡ್ಡು ಯಾರ ತಲೆಗೆ?” ಮುಖ ಮುಖ ನೋಡಿಕೊಂಡರು. ಗೆಳೆತನ ಕೆಡುವುದು ಇಂಥ ಕಡೆಯೇ. ಅದನ್ನೂ ಬರೆದುಕೊಂಡರು. ಎರಡನೆಯದು ವಿಮೆ. ಸಾಮಾನ್ಯ ಪ್ರವಾಸದ ವಿಮೆಯಲ್ಲಿ ಹಿಮದಾಟದ ಪೆಟ್ಟಿಗೆ ಹಣ ಸಿಗದೇ ಇರಬಹುದು. ಗಡಿಹಗ್ಗದ ಆಚೆ ಹೋದವರನ್ನು ಹುಡುಕಿ ತರುವ ಖರ್ಚೂ ಹೋದವರ ತಲೆಗೇ ಬೀಳಬಹುದು. ಪಾಲಿಸಿಯ ಸಣ್ಣ ಅಕ್ಷರ ಓದಿ, ಸ್ನೋಬೋರ್ಡ್ ಎಂಬ ಪದವೇ ಇರುವುದನ್ನು ಕೊಳ್ಳಬೇಕು.

ಬಟ್ಟೆ ಮತ್ತು ಬುತ್ತಿ

ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ. ಬೆವರಿಗೆ ತೊಯ್ದರೆ ಅದು ಒಣಗುವುದಿಲ್ಲ, ಮೈಗೆ ಅಂಟಿ ಚಳಿ ಹಿಡಿಸುತ್ತೆ. ಒಳಗೊಂದು ಉಣ್ಣೆ ಅಥವಾ ಸಿಂಥೆಟಿಕ್ ಪದರ, ನಡುವೆ ಬೆಚ್ಚನೆಯದೊಂದು, ಮೇಲೆ ನೀರು-ಗಾಳಿ ತಡೆಯುವ ಕೋಟು. ಹಲಗೆ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ.

ಊಟದ ವಿಚಾರಕ್ಕೆ ಬಂದರೆ ನನ್ನ ರಾಜ್ಯ! ಜಪಾನಿನ ತಿಳಿಸಾರು ನೋಡಲು ಸಸ್ಯಾಹಾರಿಯಂತಿದ್ದರೂ ಅದರ ತಳದ ಕಟ್ಟು ‘ದಾಶಿ’ಗೆ ಒಣಮೀನು ಹಾಕುವುದೇ ಹೆಚ್ಚು. ಹಾಗಾಗಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದಾರೆ. ಹಸಿ ಸೊಪ್ಪು, ಹಣ್ಣು, ತರಕಾರಿಯನ್ನು ತಪಾಸಣೆಯ ಪತ್ರವಿಲ್ಲದೆ ಆ ದೇಶಕ್ಕೆ ಒಯ್ಯುವಂತಿಲ್ಲ. ಮಾಂಸದ ಪದಾರ್ಥಕ್ಕೂ ತಡೆ. ಕರಿಬೇವಿನ ಕಟ್ಟು ತೆಗೆದಿಟ್ಟವಳು ವಾಪಸು ಹಾಕಿದೆ. ಅವಲಕ್ಕಿ, ಹುರಿದ ರವೆ, ಸಾರಿನಪುಡಿ, ಕಡಲೆಬೇಳೆ ಚಟ್ನಿಪುಡಿ ಕಟ್ಟಿದೆ. ಸಂಜೆ ಮೈಕೈ ನೋವಿಗೆ ಅಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನವಿದೆ, ಹೆಂಗಸರಿಗೇ ಬೇರೆ. ಮೊದಲು ಹೊರಗೆ ಮೈ ತೊಳೆದು, ಬಟ್ಟೆಯಿಲ್ಲದೆ ಇಳಿಯಬೇಕೆಂಬ ನಿಯಮ ಕೇಳಿ ಹುಬ್ಬಳ್ಳಿಯವಳು, “ಅದೊಂದು ನಾ ಒಲ್ಲೆ ರೀ ಆಂಟಿ!” ಎಂದಳು. ಎಲ್ಲರೂ ನಕ್ಕೆವು.

ನಗು ನಿಂತ ಗಳಿಗೆ

ಆಮೇಲೆ ಅಪಾಯದ ಮಾತು ಬಂತು. ನಿಸೆಕೊದಲ್ಲಿ ಆಡುವ ಜಾಗಕ್ಕೆ ಹಗ್ಗದ ಗಡಿ ಇದೆ. ಅದರಲ್ಲಿ ಅಲ್ಲಲ್ಲಿ ಗೇಟುಗಳು. ಹಿಮ ಕುಸಿಯುವ ಭಯವಿದ್ದ ದಿನ ಗೇಟು ಮುಚ್ಚಿರುತ್ತಾರೆ, ಬೆಳಿಗ್ಗೆಯೇ ಸೂಚನೆ ಹಾಕುತ್ತಾರೆ. ಗೇಟು ತೆರೆದಿದ್ದರೂ ಆಚೆಯ ಜವಾಬ್ದಾರಿ ಹೋದವರದೇ. ಹಿಮದಡಿ ಸಿಕ್ಕವರನ್ನು ಮೊದಲ 10–15 ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು, ಆಮೇಲೆ ಬೇಗ ಬೇಗ ಕಡಿಮೆಯಾಗುತ್ತೆ. ಹಾಗಾಗಿ ಕಾಪಾಡುವವರು ಜೊತೆಯವರೇ. ಒಬ್ಬೊಬ್ಬರ ಹತ್ತಿರವೂ ಸಂಕೇತ ಕೊಡುವ ಬೀಕನ್ ಯಂತ್ರ, ಚುಚ್ಚಿ ನೋಡುವ ಉದ್ದನೆ ಕಡ್ಡಿ, ಗುದ್ದಲಿ ಇರಬೇಕು. ಬಳಸಲೂ ಬರಬೇಕು.

ಇನ್ನೊಂದು ಮರದ ಬುಡದ ಗುಂಡಿ. ಹರಡಿದ ಕೊಂಬೆಗಳ ಕೆಳಗೆ ಹಿಮ ಗಟ್ಟಿಯಾಗಿ ತುಂಬುವುದಿಲ್ಲ, ಪೊಳ್ಳಾಗಿರುತ್ತೆ. ಅದರೊಳಗೆ ತಲೆಕೆಳಗಾಗಿ ಬಿದ್ದರೆ ತಾನಾಗಿ ಎದ್ದು ಬರುವುದು ಬಹಳ ಕಷ್ಟ. ಇದು ಹಗ್ಗದ ಗಡಿಯ ಒಳಗೂ ಆಗಬಹುದು. ಅದಕ್ಕೇ ಮರಗಳ ನಡುವೆ ಒಬ್ಬಂಟಿ ಹೋಗಬಾರದು, ಜೊತೆಯವಳು ಕಣ್ಣಿಗೆ ಕಾಣುವಷ್ಟು ಹತ್ತಿರವಿರಬೇಕು, ಕೊರಳಲ್ಲಿ ಸೀಟಿ ಇರಬೇಕು.

ಮನಾಲಿಯವಳೂ ಕೆನಡಾದವಳೂ ಗೇಟಿನ ಆಚೆಯ ಹಿಮವನ್ನೇ ಕನಸು ಕಾಣುತ್ತಿದ್ದರು. ನನ್ನ ಮಗಳು ತಲೆಯಾಡಿಸುತ್ತಿದ್ದಳು. ಹೆತ್ತವಳಿಗೆ ಆ ತಲೆಯಾಡಿಸುವಿಕೆ ತಿಳಿಯದೇ? ರಾತ್ರಿ ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತಳು. “ಅಮ್ಮಾ, ಆ ಗೇಟಿನ ಆಚೆ ಹೋಗೋಕೆ ನಂಗೆ ಭಯ. ಆದ್ರೆ ನಾನು ಬರಲ್ಲ ಅಂದ್ರೆ ಅವರ ಟ್ರಿಪ್ಪೇ ಹಾಳಾಗುತ್ತೆ” ಎಂದಳು.

ಯಾರಿಗೂ ಹೇಳದಿದ್ದ ಒಂದು ಮಾತನ್ನು ಆ ರಾತ್ರಿ ಅವಳಿಗೆ ಹೇಳಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಗೆಳತಿಯರ ಜೊತೆ ಭದ್ರಾ ಹೊಳೆಗೆ ಹೋಗಿದ್ದೆ. ಎಲ್ಲರೂ ನೀರಿಗಿಳಿದರು. ಈಜು ಬರಲ್ಲ ಅನ್ನೋಕೆ ನಾಚಿಕೆಯಾಗಿ ನಾನೂ ಇಳಿದೆ. ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಒಬ್ಬಳು ನನ್ನ ಜಡೆ ಹಿಡಿದು ಎಳೆದಳು, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. “ನಿನ್ನ ಪರವಾಗಿ ನಾನು ಹೇಳೋದಿಲ್ಲ. ನೀನೇ ಹೇಳು. ಇಲ್ಲಿ ಹೇಳೋಕೆ ಆಗದವಳು ಬೆಟ್ಟದ ಮೇಲೆ ಹೇಗೆ ಹೇಳ್ತೀಯಾ?” ಎಂದೆ.

ಬೆಳಿಗ್ಗೆ ದೋಸೆ ತಿನ್ನುವಾಗ ಹೇಳಿದಳು. ಯಾರೂ ಮಾತಾಡಲಿಲ್ಲ. ಆಮೇಲೆ ಹುಬ್ಬಳ್ಳಿಯವಳು ಮೆಲ್ಲಗೆ, “ನನಗೂ ಅಂಜಿಕೀನ ಐತಿ. ಹೇಳಾಕ ನಾಚಿಕಿ ಬಂದಿತ್ತು” ಎಂದಳು. ಮನಾಲಿಯವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಹಿಂದಿಯಲ್ಲಿ ಏನೋ ಅಂದಳು. ಮಗಳು ನನಗೆ ಅರ್ಥ ಹೇಳಿದಳು: “ಹಿಮದಲ್ಲಿ ಹುಟ್ಟಿದೋರಿಗೇ ಹಿಮದ ಭಯ ಜಾಸ್ತಿ. ನೀವಿಬ್ಬರೂ ಸುಮ್ಮನಿದ್ರಲ್ಲ, ಬರುತ್ತೆ ಅಂದ್ಕೊಂಡು ನಾನು ಕರ್ಕೊಂಡು ಹೋಗಿಬಿಡ್ತಿದ್ದೆ.”

ನಾಲ್ವರೂ ಒಪ್ಪಿ ಬರೆದ ಕರಾರು

1. ಮೊದಲ ಮೂರು ದಿನ ಎಲ್ಲರೂ ಹಗ್ಗದ ಒಳಗೇ. ಹೊಸಬರಿಬ್ಬರಿಗೆ ಪೌಡರ್ ಹಿಮದಲ್ಲಿ ಆಡಲು ಶಿಕ್ಷಕರ ಪಾಠ.

2. ಆಮೇಲೆ ಒಂದೇ ಒಂದು ದಿನ ಅನುಭವಸ್ಥರಿಬ್ಬರು ಸ್ಥಳೀಯ ಗೈಡ್ ಜೊತೆ, ಬೀಕನ್, ಕಡ್ಡಿ, ಗುದ್ದಲಿ ಹಿಡಿದು ಗೇಟಿನ ಆಚೆ. ಆ ದಿನ ಉಳಿದಿಬ್ಬರು ಈಚೆ. ಯಾರೂ ಯಾರನ್ನೂ ಛೇಡಿಸಬಾರದು.

3. ಗೇಟು ಮುಚ್ಚಿದ್ದರೆ ಮಾತು ಮುಗಿಯಿತು. ಹಗ್ಗದಡಿ ನುಸುಳುವುದಿಲ್ಲ.

4. ಸದಾ ಜೋಡಿಯಾಗಿಯೇ. ಜೋಡಿ ತಪ್ಪಿದರೆ ಆಟ ನಿಲ್ಲಿಸಿ ಹುಡುಕಬೇಕು.

5. ಒಬ್ಬಳು “ಸಾಕು” ಎಂದರೆ ಸಾಕು. ಕಾರಣ ಕೇಳುವುದು ಸಂಜೆ ಚಹಾದ ಹೊತ್ತಿಗೆ.

ಐದನೆಯದನ್ನು ಬರೆಸಿದವಳು ಮನಾಲಿಯವಳು. ಅದಿಲ್ಲದಿದ್ದರೆ ಉಳಿದ ನಾಲ್ಕು ಇದ್ದೂ ಏನು ಪ್ರಯೋಜನ ಎಂದು ನನಗೂ ಅನಿಸಿತು. ಸೋದರಿಯರೇ, ಮಕ್ಕಳು ದೂರ ಹೊರಟಾಗ ನಾವು ದುಡ್ಡಿದೆಯಾ, ಬಟ್ಟೆಯಿದೆಯಾ ಎಂದು ಕೇಳುತ್ತೇವೆ. “ಜೊತೆಯವರ ಮುಂದೆ ‘ನಂಗೆ ಆಗಲ್ಲ’ ಅನ್ನೋಕೆ ಬರುತ್ತಾ?” ಎಂದೂ ಕೇಳಿ. ಜಪಾನೇ ಆಗಬೇಕಿಲ್ಲ, ಊರ ಕೆರೆಗೆ ಹೋಗುವಾಗಲೂ ಕೇಳಿ.

ಈಗ ಟಿಕೇಟು, ವೀಸಾ ಎಲ್ಲ ಆಗಿದೆ. ನಡುಮನೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಕೂತಿದೆ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾದ ನಮ್ಮ ಯಜಮಾನರು ತಮ್ಮ ಹಿತ್ತಾಳೆ ಸೀಟಿಯನ್ನೇ ತಂದುಕೊಟ್ಟರು. ಆ ಚಳಿಯಲ್ಲಿ ಲೋಹ ತುಟಿಗೆ ಅಂಟಿಕೊಳ್ಳುತ್ತೆ, ಪ್ಲಾಸ್ಟಿಕ್ಕಿನದೇ ಆಗಬೇಕು ಎಂದಳು ಮಗಳು. ಅವರು ಏನೂ ಹೇಳದೆ ಪೇಟೆಗೆ ಹೋಗಿ ನಾಲ್ಕು ಪ್ಲಾಸ್ಟಿಕ್ ಸೀಟಿ ತಂದು, ಒಂದೊಂದನ್ನೂ ಊದಿ ನೋಡಿ ಚೀಲಕ್ಕೆ ಹಾಕಿದರು.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಐದಾದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ದಿನಾ ಆ ಹೊತ್ತಿಗೆ, ಬೆಟ್ಟ ಇಳಿದ ಮೇಲೆ, “ನಾಲ್ವರೂ ಮನೇಲಿದ್ದೀವಿ” ಎಂದು ಒಂದು ಸಾಲು ಕಳಿಸಬೇಕೆಂದು ಹೇಳಿದ್ದೇನೆ. ಅದು ಬಂದ ಮೇಲೇ ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುವುದು.