ಕಳ್ಳನೋ, ಬೆಕ್ಕೋ?

ನಡುರಾತ್ರಿ ಅಡುಗೆಮನೆಯಲ್ಲಿ ‘ಠಣ್’ ಎಂದು ಸದ್ದಾಗುತ್ತದೆ. ಮೊಮ್ಮಗ ಹೆದರಿ ಮುಸುಕೆಳೆದುಕೊಳ್ಳುತ್ತಾನೆ. ಅಜ್ಜಿ ಮಾತ್ರ ಮಗ್ಗುಲು ಬದಲಿಸುತ್ತಾ, ‘ಬೆಕ್ಕು ಕಣೋ, ಮಲಗು’ ಎನ್ನುತ್ತಾರೆ. ಸದ್ದು ಇಬ್ಬರಿಗೂ ಕೇಳಿಸಿತು. ಅದು ಯಾವುದರ ಸದ್ದು ಎಂದು ತಿಳಿದದ್ದು ಅಜ್ಜಿಗೆ ಮಾತ್ರ. ಮನೆ ಕಾಯುವ ರೋಬಾಟ್ ಕಲಿಯಬೇಕಾದ ದೊಡ್ಡ ಪಾಠವೂ ಇದೇ!

ಅಮೆರಿಕದ ನೌಕಾಪಡೆಯ ಅಧಿಕಾರಿ ಬಾರ್ಟ್ ಎವರೆಟ್ 1980ರ ಹೊತ್ತಿಗೆ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದರು. ಓದಿನ ಭಾಗವಾಗಿಯೇ ಅವರು ಮನೆಯೊಳಗೆ ತಾನಾಗಿ ಓಡಾಡುತ್ತಾ ಕಾವಲು ಕಾಯುವ ಯಂತ್ರವೊಂದನ್ನು ಕಟ್ಟಿದರು. ಅದರ ಹೆಸರು ರೋಬಾರ್ಟ್. ಹೊಗೆ, ಬೆಂಕಿ, ನೆಲದ ಮೇಲೆ ಹರಿದ ನೀರು, ಹೊರಗಿನವರ ಚಲನೆ, ಎಲ್ಲವನ್ನೂ ಅದು ಪತ್ತೆ ಮಾಡುತ್ತಿತ್ತು. ಯಂತ್ರದ ದನಿಯಲ್ಲಿ ಮಾತನಾಡುತ್ತಿತ್ತು ಕೂಡ. ಬ್ಯಾಟರಿ ಇಳಿದರೆ, ಚಾರ್ಜರ್ ಇದ್ದ ಜಾಗವನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು.

ಓಡಾಡುವ ಕಾವಲುಗಾರನಿಗೆ ಒಂದು ತೊಡಕಿದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಮರಗಳೇ ಓಡಿದಂತೆ ಕಾಣುವುದಿಲ್ಲವೇ ಮಕ್ಕಳೇ? ಹಾಗೆಯೇ ರೋಬಾಟ್ ಚಲಿಸುವಾಗ ಗೋಡೆ, ಕುರ್ಚಿ, ಮಂಚ ಎಲ್ಲವೂ ಚಲಿಸಿದಂತೆ ಅದಕ್ಕೆ ಅನಿಸಬಹುದು. ಆದ್ದರಿಂದ ರೋಬಾರ್ಟ್ ಒಂದಷ್ಟು ದೂರ ಹೋಗಿ, ನಿಂತು, ಸುತ್ತ ಗಮನಿಸಿ, ಮತ್ತೆ ಮುಂದಕ್ಕೆ ಹೋಗುತ್ತಿತ್ತು.

ಆದರೂ ಒಂದು ಕೊರತೆ ಉಳಿಯಿತು. ಏನೋ ಅಲುಗಾಡಿತು ಎಂದು ಅದಕ್ಕೆ ತಿಳಿಯುತ್ತಿತ್ತು. ಅದು ಅಪಾಯವೋ ಅಲ್ಲವೋ ಎಂದು ತೂಗಿ ನೋಡಲು ಬರುತ್ತಿರಲಿಲ್ಲ. ಗಾಳಿಗೆ ಪರದೆ ಹಾರಿದರೂ ಕೂಗುವ ಕಾವಲುಗಾರನನ್ನು ಯಾರು ತಾನೇ ನಂಬುತ್ತಾರೆ? ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿದ ಹುಡುಗನ ಕತೆಯೇ ಆಗುತ್ತದೆ!

ಎವರೆಟ್ 1982ರಲ್ಲಿ ಎರಡನೆಯ ರೋಬಾರ್ಟ್ ಕೆಲಸ ಆರಂಭಿಸಿದರು. ಇದಕ್ಕೆ ಒಬ್ಬನ ಸಾಕ್ಷಿ ಸಾಲದು. ಮೈಶಾಖ ಅರಿಯುವ ಸಂವೇದಕ, ಸದ್ದು ಕೇಳುವ ಸಂವೇದಕ, ಚಲನೆ ಗುರುತಿಸುವ ಸಂವೇದಕ, ಹೀಗೆ ಹಲವು ಸಾಕ್ಷಿಗಳು. ಒಂದೊಂದರ ಮಾತಿಗೂ ಇಂತಿಷ್ಟು ಅಂಕ. ಎಲ್ಲ ಕೂಡಿಸಿದಾಗ ಮೊತ್ತ ಗೊತ್ತಾದ ಮಿತಿ ದಾಟಿದರೆ ಮಾತ್ರ ಎಚ್ಚರಿಕೆ. ಪರದೆ ಅಲುಗಾಡುತ್ತದೆ, ಆದರೆ ಅದಕ್ಕೆ ಮೈಶಾಖವಿಲ್ಲ. ಹಾಗಾಗಿ ಅಂಕ ಕಡಿಮೆ.

ಈ ಅನುಭವ ಮುಂದೆ ಅಮೆರಿಕದ ಸೇನೆಯ ದೊಡ್ಡ ಉಗ್ರಾಣಗಳನ್ನು ಕಾಯುವ ರೋಬಾಟ್‌ಗಳ ಯೋಜನೆಗೆ ನೆರವಾಯಿತು. ಅಲ್ಲಿ ಹಲವು ರೋಬಾಟ್‌ಗಳು ಸುತ್ತು ಹಾಕುತ್ತಿದ್ದರೆ, ಒಬ್ಬ ಕಾವಲುಗಾರ ಪರದೆಯ ಮುಂದೆ ಕುಳಿತಿರುತ್ತಿದ್ದ. ಅನುಮಾನ ಬಂದಾಗ ರೋಬಾಟ್ ಅವನನ್ನು ಕರೆಯುತ್ತಿತ್ತು. ಕೊನೆಯ ತೀರ್ಮಾನ ಮನುಷ್ಯನದೇ ಆಗಿತ್ತು.

ಈಗ ಮನೆಗೂ ಇಂಥ ರೋಬಾಟ್‌ಗಳು ಬಂದಿವೆ. 2021ರಲ್ಲಿ ಅಮೆಜಾನ್ ಪರಿಚಯಿಸಿದ ‘ಆಸ್ಟ್ರೋ’ ಕತ್ತು ಉದ್ದ ಮಾಡಿದಂತೆ ಕ್ಯಾಮೆರಾ ಮೇಲಕ್ಕೆತ್ತಿ ನೋಡುತ್ತದೆ. ಮಾಲೀಕರು ಊರಲ್ಲಿ ಇಲ್ಲದಾಗ ಒಲೆ ಆರಿಸಿದೆಯೇ ಎಂದು ಫೋನಿನಲ್ಲೇ ನೋಡಬಹುದು. ಆದರೆ ಆ ಕಣ್ಣು ಕಳ್ಳನನ್ನಷ್ಟೇ ಅಲ್ಲ, ಮನೆಯವರನ್ನೂ ನೋಡುತ್ತದೆ. ಅದಕ್ಕೇ ‘ಈ ಕೋಣೆಗೆ ಬರಬೇಡ’ ಎಂದು ಗೆರೆ ಹಾಕುವ, ಕ್ಯಾಮೆರಾ ಆರಿಸುವ ಅನುಕೂಲವೂ ಅದರಲ್ಲಿದೆ. ಅದನ್ನು ಬಳಸುವ ಎಚ್ಚರ ನಮ್ಮದಾಗಬೇಕು.

ಮಕ್ಕಳೇ, ಇವತ್ತು ರಾತ್ರಿ ದೀಪ ಆರಿಸಿದ ಮೇಲೆ ಐದು ನಿಮಿಷ ಸುಮ್ಮನೆ ಕಿವಿಗೊಡಿ. ಎಷ್ಟು ಸದ್ದು ಕೇಳಿಸಿತು? ಎಷ್ಟರ ಗುರುತು ಸಿಕ್ಕಿತು? ಗುರುತು ಸಿಗದಿದ್ದುದನ್ನು ಅಜ್ಜ, ಅಜ್ಜಿಯರನ್ನು ಕೇಳಿ. ಅಷ್ಟು ವರ್ಷ ಮನೆ ಕಾಯ್ದ ಕಿವಿ ಅವರದು.