ಗೊರಕೆ ನಿಂತ 48 ಸೆಕೆಂಡು

"ಇವ್ರು ಗೊರಕೆ ಹೊಡೀತಿದ್ರೆ ನಾನು ಹಾಯಾಗಿ ಮಲಗ್ತೀನಿ. ಗೊರಕೆ ನಿಂತ್ರೆ ಎಚ್ಚರ ಆಗ್ಬಿಡತ್ತೆ."

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ನಾಲ್ಕನೇ ಮಹಡಿ, ರಾತ್ರಿ ಒಂಬತ್ತು ಗಂಟೆ. ಸ್ಲೀಪ್ ಲ್ಯಾಬ್ ಎಂದು ಬೋರ್ಡು ಹಾಕಿದ ಕೋಣೆಯ ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಹೀಗೆಂದಾಗ ತಂತ್ರಜ್ಞೆ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಅವಳ ಕೈಲಿದ್ದ ಫಾರಂನಲ್ಲಿ ‘ಗೊರಕೆ: ಇದೆ / ಇಲ್ಲ’ ಎಂದಷ್ಟೇ ಇತ್ತು. ಆ ಮಾತನ್ನು ಅಂಚಿನಲ್ಲಿ ಬರೆದುಕೊಂಡಳು. ಆ ರಾತ್ರಿ ಅಲ್ಲಿ ನಡೆದ ಪರೀಕ್ಷೆಗಳಲ್ಲೆಲ್ಲ ಅತ್ಯಂತ ಚುರುಕಾದದ್ದು ಬಹುಶಃ ಅದೇ.

ಗಂಡ ತುಮಕೂರು ಕಡೆಯ ಮದುವೆ ಅಡುಗೆಯವರು. ವಯಸ್ಸು 61. ಕತ್ತಿನ ಸುತ್ತಳತೆ 43 ಸೆಂಟಿಮೀಟರ್. ಆರು ತಿಂಗಳ ಹಿಂದೆ ಒಂದು ಗೃಹಪ್ರವೇಶದ ಅಡುಗೆಮನೆಯಲ್ಲಿ ಅವರ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳಲು ಶುರುಮಾಡಿತ್ತು. ಹೇಗೆ ಹೊಡೆದುಕೊಳ್ಳುತ್ತಿತ್ತು ಎಂದು ಕೇಳಿದರೆ ಅವರ ಉತ್ತರ: "ಒಗ್ಗರಣೆ ಸಾಸಿವೆ ಸಿಡಿಯತ್ತಲ್ಲ, ಹಂಗೆ. ಲೆಕ್ಕಾನೇ ಇಲ್ಲ." ಹೃದಯದ ಡಾಕ್ಟರುಗಳು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುವ ಲಯತಪ್ಪಿಗೆ ಇದಕ್ಕಿಂತ ಒಳ್ಳೆಯ ವರ್ಣನೆ ಸಿಗುವುದು ಕಷ್ಟ. ಹೃದಯದ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಾಗಿ ಹಿಂಡಿಕೊಳ್ಳುವುದನ್ನು ಬಿಟ್ಟು ಸುಮ್ಮನೆ ಅದುರುತ್ತವೆ. ಕೆಳಗಿನ ಕೋಣೆಗಳು ತಮಗೆ ಸಿಕ್ಕ ಸೂಚನೆಗೆ, ಸಿಕ್ಕ ಹೊತ್ತಿಗೆ ಬಡಿಯುತ್ತವೆ. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಸಬಹುದು. ಈ ಲಯತಪ್ಪು ಇರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂಬುದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಕಾಲದಿಂದ ಗೊತ್ತಿರುವ ಲೆಕ್ಕ.

ಅಡುಗೆಯವರಿಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಬಡಿತದ ವೇಗ ತಗ್ಗಿಸಲು ಇನ್ನೊಂದು ನಡೆಯುತ್ತಿತ್ತು. ಎದೆಗೆ ಕರೆಂಟ್ ಕೊಟ್ಟು ಲಯಕ್ಕೆ ತರುವುದು ಮುಂದಿನ ಹೆಜ್ಜೆ. ದಿನ ಗೊತ್ತುಮಾಡುವ ಹೊತ್ತಿಗೆ ಹೆಂಡತಿ ಗೊರಕೆಯ ಮಾತೆತ್ತಿದರು. ಡಾಕ್ಟರು ದಿನ ಮುಂದಕ್ಕೆ ಹಾಕಿ ಇಲ್ಲಿಗೆ ಕಳಿಸಿದರು. ಕರೆಂಟ್ ಕೊಡುವ ಮುಂಚೆ ಮಂಪರು ಬರಿಸುತ್ತಾರೆ. ಮಂಪರಿನಲ್ಲಿ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ಆ ಒಂದು ಕಾರಣವೇ ಸಾಕಿತ್ತು. ಇನ್ನೊಂದು ಕಾರಣ ಅವತ್ತಿನ ಪರದೆಯ ಮೇಲೆ ಕಂಡಿತು.

"ಹಗಲು ಹೊತ್ತು ತೂಕಡಿಕೆ ಬರುತ್ತಾ ಅಂಕಲ್? ಟಿವಿ ನೋಡ್ವಾಗ, ಬಸ್ಸಲ್ಲಿ ಕೂತಾಗ?" ಎಂದು ತಂತ್ರಜ್ಞೆ ಎಂಟು ಪ್ರಶ್ನೆ ಕೇಳಿದಳು. 24ಕ್ಕೆ ಅವರಿಗೆ ಬಿದ್ದದ್ದು 5 ಅಂಕ. ತೂಕಡಿಕೆ ಇಲ್ಲ ಎಂದೇ ಅರ್ಥ. ಲಯತಪ್ಪಿದ ಹೃದಯದವರಲ್ಲಿ ಈ ಪ್ರಶ್ನಾವಳಿ ಅಷ್ಟಾಗಿ ನಂಬಿಕೆಗೆ ಅರ್ಹವಲ್ಲ ಎಂದು ಈ ಕ್ಷೇತ್ರದವರು ಬಹಳ ದಿನದಿಂದ ಹೇಳುತ್ತಿದ್ದಾರೆ. ರಾತ್ರಿ ಹತ್ತಾರು ಸಲ ಉಸಿರು ಕಟ್ಟುವವರೂ ಹಗಲು ಚುರುಕಾಗಿಯೇ ಓಡಾಡಿಕೊಂಡಿರುತ್ತಾರೆ, ಸುಸ್ತಾದರೆ ವಯಸ್ಸಿನ ಮೇಲೆ ಹಾಕುತ್ತಾರೆ. ನಮ್ಮಲ್ಲಂತೂ ಗೊರಕೆ ಎಂದರೆ ಸುಖನಿದ್ರೆಯ ಸರ್ಟಿಫಿಕೇಟು, ಇಲ್ಲವೇ ನೆಂಟರ ಮನೆಯ ತಮಾಷೆ.

ತಲೆಗೆ, ಕಣ್ಣಂಚಿಗೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ವೈರು, ಎದೆ ಮತ್ತು ಹೊಟ್ಟೆಗೆ ಒಂದೊಂದು ಬೆಲ್ಟು, ಮೂಗಿನಡಿ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ಪು. "ನನ್ನ ಚೆಂಡುಹೂವಿನ ಮಂಟಪ ಮಾಡ್ಬಿಟ್ಯಲ್ಲಮ್ಮ" ಎನ್ನುತ್ತಲೇ ಅಡುಗೆಯವರು ಹತ್ತೂಮುಕ್ಕಾಲಿಗೆ ನಿದ್ದೆಹೋದರು. ಪಕ್ಕದ ಕೋಣೆಯ ಪರದೆಯಲ್ಲಿ ಗೆರೆಗಳು ಓಡತೊಡಗಿದವು.

ಹನ್ನೊಂದೂಕಾಲಿಗೆ ಗೊರಕೆ ನಿಂತಿತು.

ಮೂಗಿನ ಗಾಳಿಯ ಗೆರೆ ಸಪಾಟಾಯಿತು. ಎದೆಯ ಬೆಲ್ಟು ಮೇಲೆದ್ದರೆ ಹೊಟ್ಟೆಯ ಬೆಲ್ಟು ಒಳಕ್ಕೆ, ಅದು ಮೇಲೆದ್ದರೆ ಇದು ಒಳಕ್ಕೆ. ಮುಚ್ಚಿದ ಬಾಗಿಲನ್ನು ದೇಹ ಒಳಗಿನಿಂದ ಎಳೆಯುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು. ರಕ್ತದ ಆಮ್ಲಜನಕ 93ರಲ್ಲಿದ್ದದ್ದು ಇಳಿಯುತ್ತಾ ಹೋಯಿತು. ತಂತ್ರಜ್ಞೆ ಚಹಾ ಕುಡಿಯುತ್ತಿದ್ದಳು. ಅವಳಿಗಿದು ದಿನದ ಕೆಲಸ. 48ನೇ ಸೆಕೆಂಡಿಗೆ ಗೋಡೆಯಾಚೆ ದೊಡ್ಡದಾಗಿ ಗೊರ್ ಎಂದು ಉಸಿರು ಎಳೆದುಕೊಂಡ ಸದ್ದು. ಮಿದುಳಿನ ಗೆರೆ ಅರೆಗಳಿಗೆ ಎಚ್ಚರ ತೋರಿಸಿತು. ಆಮ್ಲಜನಕ 74ಕ್ಕೆ ಮುಟ್ಟಿ ವಾಪಸು ಏರಿತು. ಆ ಹೊತ್ತಿಗೆ ಕೆಳಗಿನ ಇಸಿಜಿ ಗೆರೆಯಲ್ಲಿ ಸಾಸಿವೆ ಸಿಡಿಯಿತು: ನಿಮಿಷಕ್ಕೆ 80ರ ಆಸುಪಾಸಿನಲ್ಲಿ ಅಡ್ಡಾದಿಡ್ಡಿ ಓಡುತ್ತಿದ್ದ ಬಡಿತ 130ಕ್ಕೆ ನೆಗೆಯಿತು. ಮತ್ತೆ ಗೊರಕೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಮೌನ.

ಗಂಟೆಗೆ 5ಕ್ಕಿಂತ ಕಡಿಮೆ ಸಲ ಹೀಗಾದರೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ ಸ್ಲೀಪ್ ಆ್ಯಪ್ನಿಯಾ. ಅಡುಗೆಯವರದು 52.

ಹೃದಯಕ್ಕೂ ಗಂಟಲಿಗೂ ಇರುವ ನಂಟು ಆ ಸಪಾಟು ಗೆರೆಯಲ್ಲೇ ಇದೆ. ಮುಚ್ಚಿದ ಗಂಟಲಿನ ಎದುರು ಎದೆ ಹಿಗ್ಗಿದಾಗ ಒಳಗಿನ ಒತ್ತಡ ತೀರಾ ಕುಸಿಯುತ್ತದೆ. ತೆಳು ಗೋಡೆಯ ಹೃತ್ಕರ್ಣಗಳು ಹೊರಕ್ಕೆ ಜಗ್ಗುತ್ತವೆ. ಆಮ್ಲಜನಕ ಇಳಿದಂತೆ ನರಮಂಡಲ ಗಾಬರಿಬಿದ್ದು ರಕ್ತದೊತ್ತಡ ಏರಿಸುತ್ತದೆ. ಒಂದು ರಾತ್ರಿಗೆ ಮುನ್ನೂರು ನಾನ್ನೂರು ಸಲ, ವರ್ಷಗಟ್ಟಲೆ ಹೀಗಾದರೆ ಹೃತ್ಕರ್ಣ ದೊಡ್ಡದಾಗುತ್ತದೆ, ಅದರ ಸ್ನಾಯುವಿನಲ್ಲಿ ನಾರು ಬೆಳೆಯುತ್ತದೆ. ಲಯ ತಪ್ಪಲು ಬೇಕಾದ ನೆಲ ಹದವಾದ ಹಾಗೆ. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ನೋಡಿದಾಗ, ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಸ್ಲೀಪ್ ಆ್ಯಪ್ನಿಯಾದ ಲಕ್ಷಣ ಕಂಡಿತ್ತು.

ರಾತ್ರಿ ಒಂದು ಗಂಟೆಗೆ ತಂತ್ರಜ್ಞೆ ಒಳಹೋಗಿ ಮುಖಕ್ಕೆ ಮಾಸ್ಕ್ ಕಟ್ಟಿದಳು. ಸಿ-ಪ್ಯಾಪ್ ಯಂತ್ರ. ಗಾಳಿಯನ್ನು ಒಂದೇ ಸಮನೆ ಒತ್ತಿ, ಗಂಟಲು ಮುಚ್ಚದಂತೆ ಗಾಳಿಯದೇ ಊರುಗೋಲು ಕೊಡುವುದಷ್ಟೇ ಅದರ ಕೆಲಸ. 4 ಸೆಂಟಿಮೀಟರ್ ನೀರಿನ ಒತ್ತಡದಿಂದ ಶುರುಮಾಡಿ ಪಕ್ಕದ ಕೋಣೆಯಿಂದಲೇ ಏರಿಸುತ್ತಾ ಹೋದಳು. 10ಕ್ಕೆ ಬಂದಾಗ ಗಾಳಿಯ ಗೆರೆ ಶಾವಿಗೆ ಒತ್ತಿದಂತೆ ಸಮನಾಗಿ ಬರತೊಡಗಿತು. ಎದೆ ಹೊಟ್ಟೆಗಳೆರಡೂ ಒಟ್ಟಿಗೆ ಏರಿ ಇಳಿದವು. ಆಮ್ಲಜನಕ 95.

ಇಸಿಜಿ ಗೆರೆ ಮಾತ್ರ ಹಾಗೇ ಇತ್ತು. ವೇಗದ ನೆಗೆತಗಳು ನಿಂತವು, ನಿಜ. ಆದರೆ ಸಾಸಿವೆ ಲೆಕ್ಕವಿಲ್ಲದೆ ಸಿಡಿಯುತ್ತಲೇ ಇತ್ತು. ಉಸಿರು ಹತ್ತು ನಿಮಿಷದಲ್ಲಿ ಸರಿಹೋಯಿತು, ಹೃದಯ ತನ್ನ ಪಾಡಿಗೆ ತಾನು. ಈ ವಿಷಯದ ಎಲ್ಲ ಜಗಳ ಇರುವುದು ಆ ಎರಡು ಗೆರೆಗಳ ನಡುವಿನ ಅಂತರದಲ್ಲಿ.

ಈ ಯಂತ್ರಕ್ಕೆ ಇನ್ನೂ ಐವತ್ತು ವರ್ಷ ತುಂಬಿಲ್ಲ. ಅದಕ್ಕೆ ಮುಂಚೆ ತೀವ್ರ ಆ್ಯಪ್ನಿಯಾಕ್ಕೆ ಇದ್ದ ಖಾತರಿ ಮದ್ದು ಒಂದೇ, ಕತ್ತಿನಲ್ಲಿ ತೂತು ಕೊರೆದು ಉಸಿರುಕೊಳವೆಗೆ ನಳಿಕೆ ಇಡುವುದು. 1980ರ ಜೂನ್‌ನಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರ ಬಳಿ ಬಂದ ಕಟ್ಟಡ ಕಾರ್ಮಿಕನೊಬ್ಬ ಅದಕ್ಕೆ ಒಪ್ಪಲಿಲ್ಲ. ನಾಯಿಗಳ ಉಸಿರಾಟದ ಪ್ರಯೋಗಕ್ಕೆ ಅವುಗಳ ಮೂತಿಗೆ ಮಾಸ್ಕ್ ಮಾಡಿ ಪಳಗಿದ್ದ ಸಲಿವನ್, ಮನುಷ್ಯನ ಮೂಗಿಗೂ ಒಂದು ಮಾಡಿ, ಕಸ ಹೀರುವ ಯಂತ್ರದ ಮೋಟಾರನ್ನು ತಿರುವುಮುರುವಾಗಿಸಿ ಗಾಳಿ ಊದಿಸಿದರು. ಆತ ರಾತ್ರಿಯಿಡೀ ಮಲಗಿದ. 1981ರಲ್ಲಿ ಐವರು ರೋಗಿಗಳ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆ ಕಾಲದ ಮಾಸ್ಕನ್ನು ಮುಖಕ್ಕೆ ಅಂಟಿನಿಂದ ಅಂಟಿಸಿಕೊಂಡು, ಬೆಳಿಗ್ಗೆ ಕಿತ್ತುಕೊಳ್ಳಬೇಕಿತ್ತು. ಇವತ್ತು ಪಟ್ಟಿ ಬಿಗಿಯಾಯಿತೆಂದು ಗೊಣಗುವವರು ಇದನ್ನು ಕೇಳಿಸಿಕೊಳ್ಳಬೇಕು.

ಪಟ್ಟಿಯ ಗುರುತಿನಿಂದಲೇ ಸುದ್ದಿಯಾದವರೂ ಇದ್ದಾರೆ. 2023ರ ಜೂನ್ 28ರಂದು ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಕೆನ್ನೆಯ ಮೇಲೆ ಗೆರೆ ಹೊತ್ತು ಪತ್ರಕರ್ತರಿಗೆ ಕಾಣಿಸಿಕೊಂಡರು. ಅವರು ಸಿ-ಪ್ಯಾಪ್ ಹಾಕಿಕೊಂಡು ಮಲಗುತ್ತಾರೆಂದು ಶ್ವೇತಭವನ ಅವತ್ತು ಒಪ್ಪಿಕೊಂಡಿತು. ಅವರ ವೈದ್ಯರ ವರದಿಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ನೂ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ಇದೆ. ತುಮಕೂರಿನ ಅಡುಗೆಯವರ ಚೀಟಿಯಲ್ಲಿದ್ದ ಜೋಡಿಯೇ. ನಮ್ಮಲ್ಲಿ ಈ ಕಾಯಿಲೆಯ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂದದ್ದು 2022ರ ಫೆಬ್ರುವರಿಯಲ್ಲಿ, ಬಪ್ಪಿ ಲಹರಿ ತೀರಿಕೊಂಡಾಗ. ‘ಆಫ್ರಿಕಾದಲ್ಲಿ ಶೀಲಾ’ಗೆ ಸಂಗೀತ ಕೊಟ್ಟ ಬಪ್ಪಿದಾ ಸಾವಿಗೆ ಮುಂಬೈನ ವೈದ್ಯರು ಹೇಳಿದ ಕಾರಣ ಇದೇ ಆ್ಯಪ್ನಿಯಾ.

ಹಾಗಾದರೆ ಮಾಸ್ಕ್ ಹಾಕಿದರೆ ಹೃದಯದ ಲಯ ಉಳಿಯುತ್ತದೆಯೇ? 2003ರಲ್ಲಿ ಮೇಯೊ ಕ್ಲಿನಿಕ್‌ನದೇ ಒಂದು ಅಧ್ಯಯನ ಎಲ್ಲರ ಕಿವಿ ನೆಟ್ಟಗಾಗಿಸಿತು. ಕರೆಂಟ್ ಕೊಟ್ಟು ಲಯಕ್ಕೆ ತಂದವರಲ್ಲಿ, ಆ್ಯಪ್ನಿಯಾಕ್ಕೆ ಚಿಕಿತ್ಸೆ ಪಡೆಯದವರ ಪೈಕಿ ನೂರಕ್ಕೆ 82 ಮಂದಿಗೆ ವರ್ಷದೊಳಗೆ ಲಯ ಮತ್ತೆ ತಪ್ಪಿತ್ತು. ಚಿಕಿತ್ಸೆ ಪಡೆದವರಲ್ಲಿ 42. ದೊಡ್ಡ ಅಂತರ. ಆದರೆ ಚಿಕಿತ್ಸೆ ಪಡೆದವರ ಗುಂಪಿನಲ್ಲಿ ಇದ್ದದ್ದೇ ಹನ್ನೆರಡು ಜನ! ಜೊತೆಗೆ, ಪ್ರತಿ ರಾತ್ರಿ ಶ್ರದ್ಧೆಯಿಂದ ಮಾಸ್ಕ್ ಕಟ್ಟಿಕೊಳ್ಳುವ ಮನುಷ್ಯ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ನುಂಗುತ್ತಾನೆ, ಊಟದಲ್ಲೂ ಹಿಡಿತ ಇಟ್ಟುಕೊಂಡಿರುತ್ತಾನೆ. ಲಾಭ ಮಾಸ್ಕಿನದೋ ಶ್ರದ್ಧೆಯದೋ? ನಾರ್ವೆಯವರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಚರ್ಮದಡಿ ಯಂತ್ರವಿಟ್ಟು ಐದು ತಿಂಗಳು ಲಯವನ್ನು ಕಾದು ನೋಡಿದರು. 2021ರ ಆ ವರದಿಯಲ್ಲಿ ಮಾಸ್ಕ್ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ, 2016ರಲ್ಲಿ ವರದಿಯಾದ, ಭಾರತವೂ ಸೇರಿ ಏಳು ದೇಶಗಳ 2,717 ಮಂದಿಯ ಮೇಲೆ ನಡೆದ ‘ಸೇವ್’ ಪ್ರಯೋಗದಲ್ಲಿ ಹೃದಯಾಘಾತ, ಲಕ್ವಗಳನ್ನು ಸಿ-ಪ್ಯಾಪ್ ಕಡಿಮೆ ಮಾಡಲಿಲ್ಲ. ಆದರೆ ಅಲ್ಲಿ ಜನ ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿ ಕೊಡೆ ಹಿಡಿದು ಮಿಕ್ಕರ್ಧ ಮಳೆಯಲ್ಲಿ ನಿಂತವನನ್ನು ನೋಡಿ ಕೊಡೆಯ ಗುಣ ಹೇಳಲಾದೀತೆ? ಅಮೆರಿಕದ ಹೃದ್ರೋಗ ತಜ್ಞರ 2023ರ ಮಾರ್ಗಸೂಚಿಯೂ ನಿದ್ರೆಯ ತಪಾಸಣೆ ಮಾಡಬಹುದು ಎಂದು ಹೇಳಿ, ಚಿಕಿತ್ಸೆಯಿಂದ ಲಯ ಉಳಿಯುವುದು ಇನ್ನೂ ಖಚಿತವಲ್ಲ ಎಂಬ ಧಾಟಿಯಲ್ಲೇ ನಿಂತಿದೆ.

ಮಾಸ್ಕಿನ ರಗಳೆಯಿಂದ ತಪ್ಪಿಸಿಕೊಳ್ಳಲು ಜನ ಹುಡುಕಿರುವ ದಾರಿಗಳು ಒಂದೆರಡಲ್ಲ. ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿಸಿಕೊಂಡು ಅಂಗಾತ ಮಲಗದಂತೆ ಮಾಡಿಕೊಳ್ಳುವುದು, ಕೆಳದವಡೆಯನ್ನು ಮುಂದೆ ತಳ್ಳುವ ಹಲ್ಲಿನ ಸಾಧನ. ಎಲ್ಲಕ್ಕಿಂತ ಸೊಗಸಾದದ್ದು ಸ್ವಿಟ್ಜರ್ಲೆಂಡಿನದು. ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದನೆಯ ಮರದ ಕೊಳವೆವಾದ್ಯವನ್ನು 25 ಆ್ಯಪ್ನಿಯಾ ರೋಗಿಗಳಲ್ಲಿ ಕೆಲವರಿಗೆ ನಾಲ್ಕು ತಿಂಗಳು ಕಲಿಸಿದರು. ಕೆನ್ನೆಯಲ್ಲಿ ಗಾಳಿ ಉಳಿಸಿಕೊಂಡು ಊದುತ್ತಲೇ ಮೂಗಿನಲ್ಲಿ ಉಸಿರೆಳೆಯಬೇಕು. ನಮ್ಮ ನಾಗಸ್ವರದವರಿಗೆ ಗೊತ್ತಿರುವ ವಿದ್ಯೆಯೇ. ಗಂಟಲಿನ ಸ್ನಾಯು ಗಟ್ಟಿಯಾಗಿ ಹಗಲಿನ ತೂಕಡಿಕೆಯೂ ಉಸಿರುಗಟ್ಟುವಿಕೆಯೂ ಇಳಿದವು. ವರದಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು, 2017ರಲ್ಲಿ ಅದಕ್ಕೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಸಿಕ್ಕಿತು. ಶಾಂತಿ ಯಾರಿಗೆ ಎಂಬುದು ಪಕ್ಕದಲ್ಲಿ ಮಲಗುವವರಿಗೆ ಗೊತ್ತು.

2025ರಲ್ಲಿ ಜೈಪುರದ ಹೃದ್ರೋಗ ಕೇಂದ್ರವೊಂದು ಇದೇ ಜಾಡಿನಲ್ಲಿ ಶಂಖ ಕೈಗೆತ್ತಿಕೊಂಡಿತು. 30 ರೋಗಿಗಳು, ಕೆಲವರಿಗೆ ಶಂಖ, ಉಳಿದವರಿಗೆ ದೀರ್ಘ ಉಸಿರಾಟ. ದಿನಕ್ಕೆ ಕನಿಷ್ಠ 15 ನಿಮಿಷ, ವಾರಕ್ಕೆ ಐದು ದಿನ, ಆರು ತಿಂಗಳು. ಊದಿದವರಲ್ಲಿ ತೂಕಡಿಕೆ ಶೇ 34ರಷ್ಟು ತಗ್ಗಿ, ಗಂಟೆಗೆ ನಾಲ್ಕೈದು ಉಸಿರುಗಟ್ಟುವಿಕೆ ಕಡಿಮೆಯಾಯಿತು. ಹಳೇ ಮೈಸೂರಿನ ಕಡೆ ಶನಿವಾರ ಬೆಳಿಗ್ಗೆ ಶಂಖ ಜಾಗಟೆ ಹಿಡಿದು ಮನೆಬಾಗಿಲಿಗೆ ಬರುವ ದಾಸಯ್ಯಗಳ ಗಂಟಲನ್ನು ಯಾರಾದರೂ ಒಮ್ಮೆ ಅಳೆಯಬೇಕು. ಗೊರಕೆ ಹೊಡೆಯುವ ದಾಸಯ್ಯ ಇದ್ದಾನೆಯೇ? ಅಡುಗೆಯವರ ಮುಂದೆ ಈ ವಿಷಯ ಬಂದಾಗ ಅವರ ಕಣ್ಣರಳಿತು. ಅವರ ಮನೆಯಲ್ಲೇ ಶಂಖ ಇದೆಯಂತೆ. ಆದರೆ ಲೆಕ್ಕ ನೋಡಿ: ಗಂಟೆಗೆ 52ರಲ್ಲಿ ಐದು ಕಳೆದರೆ ಉಳಿಯುವುದು 47. ಜೈಪುರದವರ ಶಂಖ ಮಧ್ಯಮ ತೀವ್ರತೆಯವರಿಗೆ. ಅಲ್ಲಿ ಮುಖ್ಯವಾಗಿ ಅಳೆದದ್ದು ನಿದ್ದೆಯನ್ನು, ಎದೆಬಡಿತದ ಲಯವನ್ನಲ್ಲ.

ಲಯದ ವಿಷಯದಲ್ಲಿ ಮಾಸ್ಕಿಗಿಂತ ಗಟ್ಟಿ ಪುರಾವೆ ಇರುವುದು ತೂಕಕ್ಕೆ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಪ್ರಶಾಂತನ್ ಸ್ಯಾಂಡರ್ಸ್ ತಂಡ 2015ರಲ್ಲಿ ತೋರಿಸಿದಂತೆ, ದೇಹತೂಕದ ಹತ್ತರಲ್ಲೊಂದು ಪಾಲು ಇಳಿಸಿಕೊಂಡು ಉಳಿಸಿಕೊಂಡವರು ಲಯತಪ್ಪಿಲ್ಲದೆ ಇರುವ ಸಾಧ್ಯತೆ ಆರು ಪಟ್ಟು ಹೆಚ್ಚು. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಬೊಜ್ಜಿರುವವರ ಆ್ಯಪ್ನಿಯಾಕ್ಕಾಗಿ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ದಿನವಿಡೀ ಹೋಳಿಗೆ, ಮೈಸೂರುಪಾಕಿನ ಪಾಕ ನೋಡುತ್ತಾ ನಾಲಿಗೆಗೆ ಹಚ್ಚಿಕೊಳ್ಳುವ ವೃತ್ತಿಯವರಿಗೆ ಹತ್ತರಲ್ಲೊಂದು ಎಂದರೆ ಸಣ್ಣ ಮಾತಲ್ಲ.

ಮೂರು ತಿಂಗಳ ನಂತರ ಅಡುಗೆಯವರು ಸಿಕ್ಕಿದ್ದು ಕುಣಿಗಲ್ ರಸ್ತೆಯ ಒಂದು ಛತ್ರದಲ್ಲಿ. ಕೊಪ್ಪರಿಗೆ, ಜಾಲರಿಗಳ ಜೊತೆ ಯಂತ್ರದ ಕಪ್ಪು ಬ್ಯಾಗೂ ಬಂದಿತ್ತು. ಹುಡುಗರು ಅದರ ಕೊಳವೆಗೆ ‘ಆನೆ ಸೊಂಡಿಲು’ ಎಂದು ಹೆಸರಿಟ್ಟಿದ್ದಾರೆ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಹಾಗಾಗಿ ಈಗ ಛತ್ರ ಒಪ್ಪಿಕೊಳ್ಳುವ ಮುಂಚೆ ಅವರು ಕೇಳುವ ಮೊದಲ ಪ್ರಶ್ನೆ ಜನರೇಟರ್ ಇದೆಯಾ ಎಂದು. ಯಂತ್ರ ದಾಖಲಿಸಿದ ಲೆಕ್ಕದ ಪ್ರಕಾರ ರಾತ್ರಿಗೆ ಐದು ಗಂಟೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆ. ಎದೆಗೆ ಕರೆಂಟ್ ಕೊಟ್ಟದ್ದೂ ಆಗಿದೆ, ಲಯ ಬಂದಿದೆ. ಒಂದು ಸಲ, ಸೀಮಂತದ ಅಡುಗೆಯ ಮಾರನೇ ದಿನ, ಅರ್ಧ ಗಂಟೆ ಸಾಸಿವೆ ಸಿಡಿದು ತಾನೇ ನಿಂತಿತಂತೆ. ಹೆಪ್ಪು ತಡೆಯುವ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿಲ್ಲ. ಲಯ ಸರಿಯಿದೆ ಎಂದು ಅದನ್ನು ಬಿಡುವ ಹಾಗಿಲ್ಲ ಎಂದಿದ್ದಾರೆ.

ಮನೆಯವರಿಗೆ ಈಗ ಬೇರೆ ತೊಂದರೆ. ಗೊರಕೆ ಪೂರ್ತಿ ನಿಂತಿರುವುದರಿಂದ ಅವರಿಗೆ ನಡುರಾತ್ರಿ ಎಚ್ಚರವಾಗುತ್ತದೆ. ಮೊದಮೊದಲು ಮಾಸ್ಕಿನ ಸಣ್ಣ ತೂತುಗಳ ಹತ್ತಿರ ಬೆರಳಿಟ್ಟು, ಗಾಳಿ ತಾಗಿದರೆ ಸಮಾಧಾನಪಟ್ಟುಕೊಂಡು ಮಲಗುತ್ತಿದ್ದರು. ಗಂಡ ಉಸಿರಾಡಲಿ ಬಿಡಲಿ ಆ ಗಾಳಿ ಬರುತ್ತಲೇ ಇರುತ್ತದೆ, ಅದು ಯಂತ್ರದ್ದು ಎಂದು ತಂತ್ರಜ್ಞೆ ಹೇಳಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಾರೆ.