ಕೆಲಸಕ್ಕೆ ನಿಲ್ಲದವರು ಯಾರು?

ಬಂಗಾರಪೇಟೆ, ಕೋಲಾರ ಚಿನ್ನದ ಗಣಿ (ಕೆಜಿಎಫ್) ಕಡೆಯ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಮತ್ತೆ ಮತ್ತೆ ಹೇಳುವ ಮಾತು: ‘ಈಗಿನವರು ಕೆಲಸಕ್ಕೆ ನಿಲ್ಲೋದಿಲ್ಲ. ಗಣಿಯಲ್ಲಿ ದುಡಿದ ಇವರ ತಾತಂದಿರ ತಾಳ್ಮೆ ಇವರಿಗೆಲ್ಲಿ?’

ತಾತಂದಿರು ನಿಂತದ್ದು ನಿಜ. ಗಣಿ ಕಂಪನಿ ಕೂಲಿಯ ಜೊತೆಗೆ ಲೈನ್ ಮನೆಯನ್ನೂ ಆಸ್ಪತ್ರೆಯನ್ನೂ ಕೊಟ್ಟಿತ್ತು. ಆದರೆ ಅವರು ಎಲ್ಲವನ್ನೂ ಸಹಿಸಿಕೊಂಡವರಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ ಗಣಿಗಳಲ್ಲಿ ಮುಷ್ಕರವೇ ನಡೆಯಿತು. ಮರ್ಯಾದೆಯ ಪ್ರಶ್ನೆ ಆಗಲೂ ಸಂಬಳದಷ್ಟೇ ದೊಡ್ಡದಾಗಿತ್ತು.

ಕೊನೆಗೆ ಆ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ವರ್ಷ ಹುಟ್ಟಿದವರು ಈಗ ದುಡಿಯುವ ವಯಸ್ಸಿನವರು. ಸರ್ಕಾರಿ ಕಂಪನಿಯ ಕಾಯಂ ಕೆಲಸವೇ ಕೈತಪ್ಪಿದ ಕತೆಯನ್ನು ಮನೆಯಲ್ಲೇ ಕೇಳಿ ಬೆಳೆದವರಿಗೆ ‘ನಮ್ಮದು ಒಂದೇ ಕುಟುಂಬ’ ಎಂದು ಮಾಲೀಕರು ಹೇಳಿದರೆ ಹೇಗೆ ನಂಬಿಯಾರು?

ಇನ್ನೊಂದು ನಂಬಿಕೆ, ಯುವಕರು ವಿನಾಕಾರಣ ರೇಗುತ್ತಾರೆ ಎಂಬುದು. ಇದೇ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದಾಂಧಲೆ ನಡೆದಾಗ ಅನೇಕರು ಹೀಗೇ ಮಾತಾಡಿದರು. ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದೆ ಏನಿತ್ತು? ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಭಾರಿ ಏರಿತ್ತು, ಶಿಫ್ಟ್ ಎಂಟು ಗಂಟೆಯಿಂದ ಹನ್ನೆರಡಕ್ಕೆ ಹೋಗಿತ್ತು, ಹಾಜರಿ ಲೆಕ್ಕ ತಪ್ಪುತ್ತಿತ್ತು. ಕೆಲವರಿಗೆ ಸರಿಯಾದ ಸಂಬಳ ಸರಿಯಾದ ಸಮಯಕ್ಕೆ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಅದು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ದೂರು ಹೇಳಿಕೊಳ್ಳಲು ದಿನವಿಡೀ ತೆರೆದಿರುವ ಸಹಾಯವಾಣಿಯನ್ನು ಪ್ರಕಟಿಸಿತು. ಕನ್ನಡ, ತೆಲುಗು, ತಮಿಳು ಕೋಲಾರದ ಜನ ಮೊದಲಿಂದಲೂ ಆಡುವ ಭಾಷೆಗಳೇ. ಕೇಳುವ ಕಿವಿ ಮಾತ್ರ ಗಲಾಟೆಯ ನಂತರ ಬಂತು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರ ವಾದ ಇಲ್ಲಿಗೆ ಸಲ್ಲುತ್ತದೆ. ಅಸಮಾಧಾನಗೊಂಡವರಿಗೆ ಇರುವುದು ಎರಡು ದಾರಿ: ದನಿಯೆತ್ತುವುದು, ಇಲ್ಲವೇ ಬಿಟ್ಟು ಹೋಗುವುದು. ಮೊದಲನೆಯದನ್ನು ಮುಚ್ಚಿಬಿಟ್ಟರೆ ಎರಡನೆಯದೇ ಉಳಿಯುತ್ತದೆ. ಕೆಲಸ ಬಿಟ್ಟ ಹುಡುಗನನ್ನು ಸೋಮಾರಿ ಎನ್ನುವ ಮುನ್ನ, ಅವನ ಎರಡು ದಿನದ ಹಾಜರಿ ಕಡಿಮೆ ಬಿದ್ದಾಗ ಯಾರ ಬಳಿ ಹೋಗಿದ್ದ, ಅವರು ಏನೆಂದರು ಎಂದು ವಿಚಾರಿಸಬೇಕು.

ಗುತ್ತಿಗೆಯ ಮೇಲೆ ಕೆಲಸಕ್ಕೆ ಬಂದವರಿಗೆ ‘ಅದು ಕಾಂಟ್ರಾಕ್ಟರ್ ವಿಷಯ, ನಮ್ಮದಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಇದು ಕಾನೂನಿನ ಪ್ರಕಾರವೂ ತಪ್ಪು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು.

ಹಬ್ಬದ ದಿನ ಸಿಹಿ ಹಂಚಿದರೆ, ತಿಂಗಳಿಗೊಬ್ಬರ ಫೋಟೋ ಗೋಡೆಗೆ ಹಾಕಿದರೆ ಯುವಕರು ಉಳಿಯುತ್ತಾರೆ ಎಂಬುದೂ ಭ್ರಮೆ. ಅದಕ್ಕಿಂತ ಕಡಿಮೆ ಖರ್ಚಿನ ಕೆಲಸಗಳಿವೆ. ಹೊಸಬರ ಮೊದಲ ಸಂಬಳದ ಚೀಟಿಯನ್ನು ಅವರ ಜೊತೆ ಕೂತು ಓದಿ: ಎಷ್ಟು ದಿನದ ಹಾಜರಿ, ಎಷ್ಟು ಗಂಟೆ ಓಟಿ, ಪಿಎಫ್ ಎಂದು ಹಿಡಿದದ್ದೆಷ್ಟು. ತಕರಾರು ಬಂದರೆ ಸರಿಪಡಿಸುವ ಅಧಿಕಾರವಿರುವ, ಕಂಪನಿಯದೇ ಒಬ್ಬರ ಹೆಸರು ಹೇಳಿ. ಶಿಫ್ಟ್ ಬದಲಿಸುವ ಮುನ್ನ, ಆ ಹೊತ್ತಿಗೆ ಊರಿಗೆ ಮರಳಲು ರೈಲೋ ಬಸ್ಸೋ ಇದೆಯೇ ಎಂದು ಅವರನ್ನೇ ಕೇಳಿ.